ಇ-ಬೈಕ್ ಕೊಳ್ಳುವ ಮೊದಲು ಅದರ ವರ್ಗ ಗೊತ್ತುಮಾಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಗಾಡಿ ಕೊಂಡು ಕೈ ಸುಟ್ಟುಕೊಂಡವರನ್ನು ಕೇಳಿ ನೋಡಿ, ಬಹುಪಾಲು ಒಂದೇ ಧಾಟಿಯ ಕಥೆ. ಮೊದಲು ಬಣ್ಣ ನೋಡಿದರು, ಆಮೇಲೆ ಬೆಲೆ ಕೇಳಿದರು, ಆಮೇಲೆ ‘ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್’ ಎಂದರು. ಅದು ಕಾನೂನಿನ ಲೆಕ್ಕದಲ್ಲಿ ಸೈಕಲ್ಲೋ ಮೋಟಾರು ವಾಹನವೋ ಎಂಬ ಪ್ರಶ್ನೆ ಎದ್ದದ್ದು ಪೊಲೀಸರು ಕೈ ಅಡ್ಡ ಹಾಕಿದಾಗ, ಇಲ್ಲವೇ ಯಾರಿಗೋ ಗುದ್ದಿದ ಮೇಲೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ವರ್ಗ, ಆಮೇಲೆ ಓಡಿಸುವವರು ಮತ್ತು ದಾರಿ, ಅದಾದ ಮೇಲೆ ಕಾಗದ ಮತ್ತು ಪರೀಕ್ಷೆ, ನಂತರ ಬ್ಯಾಟರಿ. ಬಣ್ಣ ಯಾವುದಾದರೂ ಆಗಲಿ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು ಹೆಚ್ಚೇನಿಲ್ಲ. ಜಿಪಿಎಸ್ ವೇಗ ತೋರಿಸುವ ಯಾವುದಾದರೂ ಆ್ಯಪ್ ಇರುವ ಫೋನ್, ಕ್ಯಾಲ್ಕುಲೇಟರ್, ನಿಮ್ಮ ತೂಕದ ಇನ್ನೊಬ್ಬ ಸ್ನೇಹಿತ. ಈ ಮೂರನೆಯದು ಯಾಕೆಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕಾನೂನು ಎಳೆದ ಗೆರೆ ತಿಳಿಯಿರಿ

ಅಂಗಡಿಯಲ್ಲಿ ಇ-ಬೈಕ್, ಇ-ಸ್ಕೂಟರ್, ಇ-ಸೈಕಲ್, ಮೊಪೆಡ್ ಎಂದು ಹತ್ತು ಹೆಸರು ಹೇಳುತ್ತಾರೆ. ಕಾನೂನಿಗೆ ಹೆಸರು ಬೇಕಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಎರಡನೇ ನಿಯಮದಲ್ಲಿ ‘ಬ್ಯಾಟರಿ ಚಾಲಿತ ವಾಹನ’ದ ವ್ಯಾಖ್ಯೆ ಇದೆ. ಅದರಲ್ಲಿರುವ ಷರತ್ತುಗಳನ್ನೆಲ್ಲ ಪೂರೈಸಿದ ಗಾಡಿ ಮೋಟಾರು ವಾಹನವೇ ಅಲ್ಲ. ಒಂದು ತಪ್ಪಿದರೂ ಅದು ಮೋಟಾರು ವಾಹನ.

ಷರತ್ತುಗಳು ಇವು. ಮೋಟಾರಿನ ‘30 ನಿಮಿಷದ ಶಕ್ತಿ’, ಅಂದರೆ ಅದು ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ, 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ಖಾಲಿ ತೂಕ 60 ಕೆ.ಜಿ. ಮೀರಬಾರದು. ಸರಿಯಾದ ಬ್ರೇಕ್, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇಷ್ಟೆಲ್ಲ ಇದೆಯೆಂದು ತಯಾರಕರೋ ಡೀಲರೋ ಹೇಳಿದರೆ ಸಾಲದು. ನಿಯಮ 126ರಲ್ಲಿ ಹೆಸರಿಸಿರುವ ಪರೀಕ್ಷಾ ಸಂಸ್ಥೆಯೊಂದು ಪರೀಕ್ಷಿಸಿ ಒಪ್ಪಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳು. ಜನ ಮರೆಯುವುದು ಈ ಕೊನೆಯ ಷರತ್ತನ್ನೇ. 250 ವ್ಯಾಟ್ ಇದ್ದರೂ, 25ರ ಒಳಗೇ ಓಡಿದರೂ, ಒಪ್ಪಿಗೆ ಪತ್ರ ಇಲ್ಲದ ಗಾಡಿಗೆ ವಿನಾಯಿತಿ ಇಲ್ಲ.

ಈ ಗೆರೆಯ ಆಚೀಚೆ ಮೂರು ವರ್ಗಗಳು ನಿಲ್ಲುತ್ತವೆ.

ಮೊದಲನೆಯದು ಪೆಡಲ್ ಅಸಿಸ್ಟ್ ಸೈಕಲ್. ನೀವು ತುಳಿದರೆ ಮೋಟಾರ್ ಕೈಜೋಡಿಸುತ್ತದೆ. ವೇಗ ಏರಿದಂತೆ ಅದರ ಸಹಾಯ ಇಳಿಯುತ್ತ ಬಂದು 25ಕ್ಕೆ ಪೂರ್ತಿ ನಿಲ್ಲಬೇಕು; ತುಳಿಯುವುದು ನಿಂತರೆ ಅದಕ್ಕೂ ಮೊದಲೇ ನಿಲ್ಲಬೇಕು. 25 ದಾಟಿ ಕಾಲಿನ ಬಲದಿಂದ ಎಷ್ಟು ಬೇಕಾದರೂ ಹೋಗಿ, ಯಾರೂ ಕೇಳುವುದಿಲ್ಲ.

ಎರಡನೆಯದು ಲೋ ಸ್ಪೀಡ್ ಸ್ಕೂಟರ್. ಆಕ್ಸಿಲರೇಟರ್ ತಿರುಗಿಸಿದರೆ ಓಡುತ್ತದೆ, 25ರ ಒಳಗೇ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಬಳಿ ಬಾಡಿಗೆಗೆ ನಿಂತಿರುವ ಯುಲು ಗಾಡಿಗಳು ಈ ವರ್ಗದವು. ಇವಕ್ಕೆ ಲೈಸೆನ್ಸ್ ಇಲ್ಲ, ನೋಂದಣಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ.

ಮೂರನೆಯದು ಹೈಸ್ಪೀಡ್, ಅಂದರೆ ಉಳಿದದ್ದೆಲ್ಲ. ಏಥರ್, ಓಲಾ, ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್ ಮೊದಲಾದವು. ಲೈಸೆನ್ಸ್, ಆರ್‌ಸಿ, ವಿಮೆ, ಹೆಲ್ಮೆಟ್, ಹಸಿರು ಫಲಕ ಎಲ್ಲವೂ ಬೇಕು. ಸ್ವಂತ ಬಳಕೆಗೆ ಹಸಿರಿನ ಮೇಲೆ ಬಿಳಿ ಅಕ್ಷರ, ಬಾಡಿಗೆ ಬಳಕೆಗೆ ಹಸಿರಿನ ಮೇಲೆ ಹಳದಿ ಅಕ್ಷರ.

ಇವುಗಳ ನಡುವೆ ಕಾನೂನಿನಲ್ಲಿ ಇಲ್ಲದ, ಬೀದಿಯಲ್ಲಿ ಮಾತ್ರ ಇರುವ ನಾಲ್ಕನೆಯದೊಂದು ಇದೆ: ಕಾಗದದಲ್ಲಿ ಲೋ ಸ್ಪೀಡ್, ರಸ್ತೆಯಲ್ಲಿ 45. ಈ ಬರಹದ ಅರ್ಧ ಭಾಗ ಅದನ್ನು ಗುರುತಿಸುವುದಕ್ಕೇ ಬೇಕಾಗುತ್ತದೆ.

ಇನ್ನೊಂದು ಗೊಂದಲ ಅಮೆರಿಕದ ವಿಡಿಯೊಗಳಿಂದ ಬರುತ್ತದೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಕ್ಲಾಸ್ 1, 2, 3 ಎಂಬ ವಿಂಗಡಣೆ ಇದೆ. ಮೊದಲೆರಡಕ್ಕೆ ಗಂಟೆಗೆ 20 ಮೈಲಿ, ಮೂರನೆಯದಕ್ಕೆ 28 ಮೈಲಿ, ಮೋಟಾರ್ 750 ವ್ಯಾಟ್‌ವರೆಗೆ. ಅದರಲ್ಲಿ ಯಾವ ಕ್ಲಾಸೂ ನಮ್ಮ ಗೆರೆಯೊಳಗೆ ಬರುವುದಿಲ್ಲ, ಏಕೆಂದರೆ 20 ಮೈಲಿ ಎಂದರೇ 32 ಕಿ.ಮೀ. ಅಲ್ಲಿರುವ ಮಗ ಕಳಿಸುತ್ತೇನೆಂದ ಸೈಕಲ್ಲಿಗೂ ಈ ಮಾತು ಅನ್ವಯ. ಯುರೋಪಿನ ಸಾಮಾನ್ಯ ಪೆಡಲ್ ಅಸಿಸ್ಟ್ ಮಿತಿ ಮಾತ್ರ ನಮ್ಮದಕ್ಕೆ ಹತ್ತಿರ, 250 ವ್ಯಾಟ್ ಮತ್ತು 25 ಕಿ.ಮೀ.

ಹಂತ 2: ಓಡಿಸುವವರು ಯಾರು ಎಂದು ಬರೆದಿಡಿ

ಒಬ್ಬರಲ್ಲ, ಮನೆಯಲ್ಲಿ ಅದನ್ನು ಮುಟ್ಟಬಹುದಾದ ಎಲ್ಲರನ್ನೂ ಬರೆಯಿರಿ. ಅಪ್ಪನಿಗೆಂದು ಕೊಂಡದ್ದು ಸಂಜೆ ಟ್ಯೂಷನ್ನಿಗೆ ಹೋಗುವ ಮಗಳ ಕೈಗೆ ಬರುತ್ತದೆ, ಭಾನುವಾರ ತಮ್ಮನ ಕೈಗೆ.

ಪಟ್ಟಿಯಲ್ಲಿ 18 ತುಂಬದವರಿದ್ದರೆ ಹೈಸ್ಪೀಡ್ ಬಿಟ್ಟುಬಿಡಿ. 16ಕ್ಕೆ ಲೈಸೆನ್ಸ್ ಸಿಗುತ್ತದಲ್ಲ ಎನ್ನುವವರುಂಟು; ಕಾಯ್ದೆ ಆ ವಯಸ್ಸಿಗೆ ಹೇಳುವುದು 50 ಸಿಸಿ ಮೀರದ ಎಂಜಿನ್ನಿನ ಗಾಡಿಯನ್ನು, ಅದನ್ನು ನೆಚ್ಚಿ ಹೈಸ್ಪೀಡ್ ಎಲೆಕ್ಟ್ರಿಕ್ ಕೊಳ್ಳುವುದು ಬೇಡ. ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಕಲಂ 199ಎ ಪ್ರಕಾರ ಹೊಣೆ ಪೋಷಕರದು ಅಥವಾ ಮಾಲೀಕರದು: 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ನೋಂದಣಿ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹಾಗಾದರೆ ಮಕ್ಕಳಿಗೆ ಲೋ ಸ್ಪೀಡ್ ಕೊಡಿಸಬಹುದೇ? ಕಾನೂನು ತಡೆಯುವುದಿಲ್ಲ. ನನ್ನ ಆಯ್ಕೆ ಮಾತ್ರ ಪೆಡಲ್ ಅಸಿಸ್ಟ್ ಸೈಕಲ್ಲಿನ ಕಡೆಗೆ. ಸೈಕಲ್ ತುಳಿದವರಿಗೆ ಬ್ರೇಕಿನ ಅಂದಾಜು, ಸಮತೋಲ ಮೊದಲೇ ಬಂದಿರುತ್ತದೆ. ಜೊತೆಗೆ ಅದರ ಹಿಂದೆ ಇಬ್ಬರು ಗೆಳೆಯರು ಹತ್ತಿ ಕೂರುವುದೂ ಕಷ್ಟ.

ಲೈಸೆನ್ಸ್ ಇರುವ ವಯಸ್ಕರಿಗೆ ಹೈಸ್ಪೀಡ್ ಓಡಿಸಲು ಗೇರ್ ಇಲ್ಲದ ವಾಹನದ ಡಿಎಲ್ ಸಾಕು. ಅದು ಇದ್ದೂ ‘ಆರ್‌ಟಿಒ ತಾಪತ್ರಯ ಬೇಡ’ ಎಂಬ ಒಂದೇ ಕಾರಣಕ್ಕೆ ಲೋ ಸ್ಪೀಡ್ ಕೊಳ್ಳುವವರು ಮುಂದಿನ ಹಂತವನ್ನು ಎರಡು ಸಲ ಓದಿ.

ಹಂತ 3: ದಾರಿ ಮತ್ತು ಭಾರವನ್ನು ಲೆಕ್ಕಕ್ಕೆ ಹಾಕಿ

ಲೋ ಸ್ಪೀಡ್ ಗಾಡಿ ಕೊಂಡು ಬೇಸತ್ತವರ ಮೂಲ ದೂರು ಬ್ಯಾಟರಿಯದ್ದಲ್ಲ, ಏರಿನದು. 250 ವ್ಯಾಟ್ ಎಂದರೆ ಎಷ್ಟು ಎಂಬುದು ಸಮತಟ್ಟಾದ ರಸ್ತೆಯಲ್ಲಿ ಗೊತ್ತಾಗುವುದೇ ಇಲ್ಲ.

ಒಂದು ಲೆಕ್ಕ ನೋಡಿ. ಗಾಡಿ ಮತ್ತು ಬ್ಯಾಟರಿ ಸೇರಿ 75 ಕೆ.ಜಿ., ನೀವು 70. ರಸ್ತೆ ನೂರು ಮೀಟರಿಗೆ ಐದು ಮೀಟರ್ ಏರುತ್ತದೆ. 250 ವ್ಯಾಟ್‌ನಲ್ಲಿ ನಷ್ಟ ಕಳೆದು ಚಕ್ರಕ್ಕೆ 200 ವ್ಯಾಟ್ ತಲುಪಿದರೂ ಆ ಏರನ್ನು ಸತತವಾಗಿ ಹತ್ತುವ ವೇಗ ಗಂಟೆಗೆ ಸುಮಾರು 8 ಕಿ.ಮೀ. ಹಿಂದೆ ಇನ್ನೊಬ್ಬರು ಕೂತರೆ 5ರ ಆಸುಪಾಸು. ಪಕ್ಕದಲ್ಲಿ ನಡೆದು ಬರುವವರು ನಿಮ್ಮೊಡನೆ ಮಾತಾಡಿಕೊಂಡೇ ಬರಬಹುದು. ಚಿಕ್ಕ ಏರುಗಳಲ್ಲಿ ಮೋಟಾರ್ ಕೆಲಕ್ಷಣ ಹೆಚ್ಚು ಶಕ್ತಿ ಕೊಟ್ಟು ದಾಟಿಸುತ್ತದೆ ನಿಜ. ಉದ್ದನೆಯ ಏರಿನಲ್ಲಿ ಅದು ಬಿಸಿಯಾಗುತ್ತದೆ, ಅದಕ್ಕೆ ಹೋಗುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಬಿಸಿಯಾಗುತ್ತದೆ, ಕೊನೆಗೆ ಗಾಡಿ ತಾನಾಗಿ ನಿಧಾನವಾಗುತ್ತದೆ ಇಲ್ಲವೇ ನಿಂತೇಬಿಡುತ್ತದೆ.

ಆದ್ದರಿಂದ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು, ಮಂಗಳೂರಿನ ಏರುತಗ್ಗಿನ ಬಡಾವಣೆಗಳವರು ಲೋ ಸ್ಪೀಡ್ ಸ್ಕೂಟರನ್ನು ಯೋಚನೆಯಿಂದಲೇ ತೆಗೆಯಬಹುದು. ರಾಯಚೂರು, ಮಂಡ್ಯ, ದಾವಣಗೆರೆಯಂಥ ಬಹುಮಟ್ಟಿಗೆ ಸಮತಟ್ಟಾದ ಊರಿನಲ್ಲಿ ಒಬ್ಬರೇ ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ಓಡಾಡುವುದಾದರೆ ಅದು ಚೆನ್ನಾಗಿಯೇ ನಡೆಯುತ್ತದೆ. ದಿನವೂ ಡಬಲ್ಸ್ ಹೋಗುವುದಿದ್ದರೆ, ಹಿಂದೆ ಹಾಲಿನ ಕ್ಯಾನೋ ಮೂಟೆಯೋ ಕಟ್ಟುವುದಿದ್ದರೆ ಊರು ಸಮತಟ್ಟಾಗಿದ್ದರೂ ಹೈಸ್ಪೀಡೇ ಸರಿ.

ದಾರಿಯಲ್ಲಿ ಹೆದ್ದಾರಿ ಬರುತ್ತದೆಯೇ ಎಂದೂ ನೋಡಿ. ಲಾರಿ ಬಸ್ಸುಗಳು 80ರಲ್ಲಿ ಬರುವ ರಸ್ತೆಯ ಅಂಚಿನಲ್ಲಿ 25ರಲ್ಲಿ ಹೋಗುವುದು ಕಾನೂನುಬದ್ಧವೇ ಇರಬಹುದು, ಬುದ್ಧಿವಂತಿಕೆಯಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಎಲೆಕ್ಟ್ರಿಕ್ ಆಗಲಿ ಪೆಟ್ರೋಲ್ ಆಗಲಿ. ಸರ್ವಿಸ್ ರಸ್ತೆಯೇ ಗತಿ.

ಹಂತ 4: ಒಪ್ಪಿಗೆ ಪತ್ರ ಕೇಳಿ, ಓದಿ

ಈಗ ಶೋರೂಮಿಗೆ ಹೋಗಿ. ಲೋ ಸ್ಪೀಡ್ ಅಥವಾ ಆಕ್ಸಿಲರೇಟರ್ ಇರುವ ಸೈಕಲ್ ನೋಡುತ್ತಿದ್ದರೆ ಕೇಳಬೇಕಾದ ಮೊದಲ ಮಾತು: ‘ಇದರ ಟೆಸ್ಟಿಂಗ್ ಏಜೆನ್ಸಿ ಸರ್ಟಿಫಿಕೇಟ್ ತೋರಿಸಿ.’ ಗೋಡೆಯ ಮೇಲಿನ ಸ್ಟಿಕ್ಕರ್ ತೋರಿಸಿದರೆ ಒಪ್ಪಬೇಡಿ. ಪತ್ರದ ಪ್ರತಿ ಬೇಕು.

ಪ್ರತಿ ಸಿಕ್ಕಿತು ಎಂದುಕೊಳ್ಳಿ. ಮೋಸ ಹೋಗುವುದು ಇಲ್ಲೇ ಹೆಚ್ಚು, ಏಕೆಂದರೆ ಕಾಗದ ಅಸಲಿಯೇ ಇರುತ್ತದೆ, ಗಾಡಿ ಮಾತ್ರ ಬೇರೆಯದು. ಕಂಪನಿಯ ಒಂದು ಮಾದರಿಗೆ ಒಪ್ಪಿಗೆ ಸಿಕ್ಕಿದ್ದರೆ ಅದನ್ನೇ ಉಳಿದ ನಾಲ್ಕಕ್ಕೂ ತೋರಿಸುತ್ತಾರೆ. ಹಾಗಾಗಿ ಮಾದರಿಯ ಹೆಸರು, ವೇರಿಯಂಟ್ ಗುರುತಿನ ಅಕ್ಷರ ಅಂಕಿಗಳು, ಮೋಟಾರಿನ ಶಕ್ತಿ, ಬ್ಯಾಟರಿಯ ವೋಲ್ಟೇಜ್ ನಾಲ್ಕನ್ನೂ ಗಾಡಿಯ ಮೇಲಿನ ಫಲಕದೊಡನೆ ಒಂದೊಂದಾಗಿ ಹೋಲಿಸಿ. ಪತ್ರದಲ್ಲಿ 48 ವೋಲ್ಟ್, ಗಾಡಿಯಲ್ಲಿ 60 ವೋಲ್ಟ್ ಎಂದಿದ್ದರೆ ಅದು ಒಪ್ಪಿಗೆ ಪಡೆದ ಗಾಡಿಯಲ್ಲ.

‘ಆರ್‌ಟಿಒದವರು ಕೇಳಲ್ಲ ಸರ್, ಇನ್‌ವಾಯ್ಸ್ ಸಾಕು’ ಎಂಬ ಉತ್ತರ ಬಂದರೆ ಹೊರಗೆ ಬನ್ನಿ. ‘ವಾಟ್ಸ್ಆ್ಯಪ್ ಮಾಡ್ತೀವಿ’ ಎಂದರೆ ಅಲ್ಲೇ ಕೂತು, ಬಂದ ಮೇಲೆ ಮುಂಗಡ ಕೊಡಿ.

ಆನ್‌ಲೈನಿನಲ್ಲಿ ಸಿಗುವ ಮೋಟಾರ್ ಕಿಟ್ ತಂದು ಹಳೆಯ ಸೈಕಲ್ಲಿಗೆ ಕೂರಿಸುವವರಿಗೆ ಈ ಹಂತವೇ ಇಲ್ಲ, ಅದೇ ತೊಂದರೆ. ಆ ಸೈಕಲ್ಲನ್ನು ಯಾವ ಸಂಸ್ಥೆಯೂ ಪರೀಕ್ಷಿಸಿಲ್ಲ. ಕಿಟ್ 500 ಅಥವಾ 1,000 ವ್ಯಾಟಿನದಾದರೆ ಅದು ನೋಂದಣಿಯಿಲ್ಲದ ಮೋಟಾರು ವಾಹನ, ಮೇಲಾಗಿ ಸೈಕಲ್ಲಿನ ಫೋರ್ಕ್ ಮತ್ತು ಬ್ರೇಕ್ ಆ ವೇಗಕ್ಕೆ ಮಾಡಿದ್ದಲ್ಲ. ಪೆಟ್ರೋಲ್ ಸ್ಕೂಟರನ್ನು ಎಲೆಕ್ಟ್ರಿಕ್ ಮಾಡಿಸುವುದು ಇನ್ನೊಂದು ಬಗೆ. ಅದಕ್ಕೆ ಒಪ್ಪಿಗೆ ಪಡೆದ ಕಿಟ್ ಬೇಕು, ಆರ್‌ಸಿಯಲ್ಲಿ ಬದಲಾವಣೆ ನಮೂದಾಗಬೇಕು.

ಹಂತ 5: ಕಾಗದ ಹೇಳಿದ್ದು ರಸ್ತೆಯಲ್ಲಿ ನಿಜವೇ ನೋಡಿ

ಟೆಸ್ಟ್ ರೈಡ್ ಎಂದರೆ ಅಂಗಡಿ ಮುಂದೆ ಒಂದು ಸುತ್ತು ಎಂದು ತಿಳಿಯಬೇಡಿ. ಎರಡು ಪರೀಕ್ಷೆ ಮಾಡಬೇಕು.

ಮೊದಲನೆಯದು ವೇಗ. ಗಾಡಿಯ ಡಿಸ್‌ಪ್ಲೇ ನಂಬಬೇಡಿ. ಫೋನಿನ ಜಿಪಿಎಸ್ ಆ್ಯಪ್ ಹಾಕಿಕೊಂಡು ಸಮತಟ್ಟಾದ, ಗಾಡಿಗಳಿಲ್ಲದ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಇಲ್ಲವೇ ಜೇಬಿನಲ್ಲಿಟ್ಟು ಗರಿಷ್ಠ ವೇಗವನ್ನು ಆಮೇಲೆ ನೋಡಿ. ಮೋಡ್ 1, 2, 3 ಇದ್ದರೆ ಮೂರರಲ್ಲೂ ನೋಡಬೇಕು. ಯಾವುದಾದರೂ ಮೋಡಿನಲ್ಲಿ 25 ದಾಟಿದರೆ ಅದು ಲೋ ಸ್ಪೀಡ್ ಅಲ್ಲ. ಪೆಡಲ್ ಅಸಿಸ್ಟ್ ಸೈಕಲ್ಲಾದರೆ ತುಳಿಯುವುದನ್ನು ಒಮ್ಮೆಲೇ ನಿಲ್ಲಿಸಿ. ಮೋಟಾರ್ ಆ ಕೂಡಲೇ ಬಿಡಬೇಕು.

ಎರಡನೆಯದಕ್ಕೆ ಸ್ನೇಹಿತ ಬೇಕು. ಗಾಡಿ ಇಬ್ಬರಿಗೆ ಮಾಡಿದ್ದೇ ಆಗಿದ್ದರೆ, ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಉದ್ದನೆಯ ಏರು ಹುಡುಕಿ ಇಬ್ಬರೂ ಕೂತು ಹತ್ತಿಸಿ. ಮೂರನೇ ಹಂತದ ಲೆಕ್ಕವನ್ನೇ ಹಿಂದುಮುಂದು ಮಾಡಿದರೆ, ಅಂಥ ಏರಿನಲ್ಲಿ ಇಬ್ಬರನ್ನು ಹೊತ್ತು 25ರಲ್ಲೇ ಹತ್ತಲು ಚಕ್ರಕ್ಕೆ ಸುಮಾರು 900 ವ್ಯಾಟ್ ಬೇಕು. ‘250 ವ್ಯಾಟ್’ ಎಂದು ಬರೆದ ಗಾಡಿ ಏದುಸಿರಿಲ್ಲದೆ ಅಷ್ಟುದ್ದ ಹತ್ತಿತೆಂದರೆ ಖುಷಿಪಡಬೇಡಿ. ಬರೆದದ್ದು ಒಂದು, ಒಳಗಿರುವುದು ಇನ್ನೊಂದು. ಒಳ್ಳೆಯ ಲೋ ಸ್ಪೀಡ್ ಗಾಡಿ ಇಲ್ಲಿ ಏದುಸಿರು ಬಿಡಲೇಬೇಕು.

ಇದೇ ಸಮಯಕ್ಕೆ ಸೇಲ್ಸ್ ಹುಡುಗ ಮೆಲ್ಲಗೆ ಹೇಳುವ ಮಾತೊಂದಿದೆ: ‘ಸ್ಪೀಡ್ ಲಾಕ್ ಓಪನ್ ಮಾಡಿಕೊಡ್ತೀವಿ, 45 ಬರುತ್ತೆ.’ ಸಾಮಾನ್ಯವಾಗಿ ಅದು ಕಂಟ್ರೋಲರಿನ ಒಂದು ವೈರ್ ಬಿಚ್ಚುವ ಕೆಲಸ, ಎರಡು ನಿಮಿಷ ಸಾಕು. ಆ ಎರಡು ನಿಮಿಷದಲ್ಲಿ ನಿಮ್ಮ ಗಾಡಿ ವರ್ಗ ಬದಲಿಸುತ್ತದೆ. ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 5,000 ರೂ.ವರೆಗೆ, ಲೈಸೆನ್ಸ್ ಇಲ್ಲದ್ದಕ್ಕೆ 5,000, ವಿಮೆ ಇಲ್ಲದ್ದಕ್ಕೆ 2,000 ದಂಡವಿದೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಂಥದ್ದನ್ನು ಮಾರಿದ ತಯಾರಕರಿಗೂ ಡೀಲರಿಗೂ ಕಲಂ 182ಎ ಅಡಿ ಗಾಡಿಯೊಂದಕ್ಕೆ 1 ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗೆ ಜೈಲು ಉಂಟು. ಆದರೆ ವೈರ್ ಬಿಚ್ಚಿದ್ದು ಯಾರೆಂದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ದಂಡ ಚಿಕ್ಕದು. ದೊಡ್ಡದು ಅಪಘಾತ. ನೋಂದಾಯಿತ ಗಾಡಿ ಯಾರಿಗಾದರೂ ಗುದ್ದಿದರೆ ಥರ್ಡ್ ಪಾರ್ಟಿ ವಿಮೆ ಪರಿಹಾರ ಕೊಡುತ್ತದೆ. ಲಾಕ್ ತೆಗೆದ ಗಾಡಿಗೆ ಆ ವಿಮೆಯೇ ಇಲ್ಲ, ಪರಿಹಾರದ ಮೊತ್ತ ನಿಮ್ಮ ಜೇಬಿನಿಂದಲೇ ಹೋಗಬೇಕು. ಲಾಕ್ ಮುಟ್ಟದ ಲೋ ಸ್ಪೀಡ್ ಗಾಡಿಗೂ ಕಡ್ಡಾಯ ವಿಮೆ ಇಲ್ಲದ್ದರಿಂದ, ಸ್ವಇಚ್ಛೆಯಿಂದ ಯಾವುದಾದರೂ ವಿಮೆ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಹೆಲ್ಮೆಟ್ ಹಾಕಲು ಕಾನೂನಿನ ಒತ್ತಾಯ ಬೇಕಿಲ್ಲ.

ಹಂತ 6: ವರ್ಗ ಖಚಿತವಾದ ಮೇಲೆ ಬ್ಯಾಟರಿ

ವೋಲ್ಟ್ ಮತ್ತು ಆ್ಯಂಪ್-ಅವರ್ ಗುಣಿಸಿದರೆ ವ್ಯಾಟ್-ಅವರ್. 48 ವೋಲ್ಟ್, 24 ಆ್ಯಂಪ್-ಅವರ್ ಎಂದರೆ 1,152. ಇದನ್ನು ಕಿಲೋಮೀಟರಿಗೆ ಬೇಕಾಗುವ ಶಕ್ತಿಯಿಂದ ಭಾಗಿಸಿ. ಅಂದಾಜಿಗೆ ಲೋ ಸ್ಪೀಡ್ ಸ್ಕೂಟರಿಗೆ 25 ವ್ಯಾಟ್-ಅವರ್, ಹೈಸ್ಪೀಡಿಗೆ 30ರಿಂದ 40, ತುಳಿಯುತ್ತ ಹೋಗುವ ಸೈಕಲ್ಲಿಗೆ 10 ಇಟ್ಟುಕೊಳ್ಳಿ. ಮೇಲಿನ ಬ್ಯಾಟರಿಗೆ ಲೋ ಸ್ಪೀಡಿನಲ್ಲಿ 46 ಕಿ.ಮೀ. ಬಂತು, ಐದನೇ ಒಂದು ಭಾಗ ಕೈಯಲ್ಲಿರಲೆಂದು ಬಿಟ್ಟರೆ 37. ಅಂಗಡಿಯವರು 80 ಎಂದಿದ್ದರೆ ಉಳಿದದ್ದು ಎಲ್ಲಿಂದ ಬರುತ್ತದೆಂದು ಕೇಳಿ.

ಲೋ ಸ್ಪೀಡ್ ಗಾಡಿಯ ಬೆಲೆ ನಂಬಲಾಗದಷ್ಟು ಕಡಿಮೆ ಎನಿಸಿದರೆ ಸೀಟಿನ ಕೆಳಗೆ ಲೆಡ್ ಆ್ಯಸಿಡ್ ಬ್ಯಾಟರಿ ಇದೆಯೇ ನೋಡಿ. ಅದರ ಬರೆದ ಸಾಮರ್ಥ್ಯದಲ್ಲಿ ದಿನವೂ ಬಳಸಬಹುದಾದದ್ದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಪೂರ್ತಿ ಖಾಲಿಮಾಡುತ್ತ ಹೋದರೆ ಬೇಗ ಸಾಯುತ್ತದೆ. ತೂಕವೂ ಮೂವತ್ತು ಕೆ.ಜಿ. ಮೀರುವುದುಂಟು, ಬಿಚ್ಚಿ ಮೂರನೇ ಮಹಡಿಗೆ ಒಯ್ಯುವ ಮಾತೇ ಇಲ್ಲ. ಲಿಥಿಯಂನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದು ತುಸು ಭಾರ, ಆದರೆ ಬಿಸಿ ತಾಳುತ್ತದೆ, ಹೆಚ್ಚು ಕಾಲ ಬಾಳುತ್ತದೆ. ನಮ್ಮ ಬೇಸಿಗೆಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ಹೈಸ್ಪೀಡ್ ಗಾಡಿಗಳ ಬ್ಯಾಟರಿಗೆ ಎಐಎಸ್-156 ಎಂಬ ಭಾರತೀಯ ಮಾನದಂಡದ ಬಿಗಿ ಮಾಡಿದ ಸುರಕ್ಷತಾ ನಿಯಮಗಳು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31, ಹೀಗೆ ಎರಡು ಕಂತಿನಲ್ಲಿ ಜಾರಿಗೆ ಬಂದವು. ಹಳೆಯ ದಾಸ್ತಾನು ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಾದ ತಿಂಗಳನ್ನು ಈ ತಾರೀಕುಗಳೊಡನೆ ನೋಡಿಕೊಳ್ಳಿ. ಲೋ ಸ್ಪೀಡಿನಲ್ಲೂ ಅದೇ ಪರೀಕ್ಷೆ ಪಾಸಾದ ಪ್ಯಾಕ್ ಇದೆಯೇ ಎಂದು ಕೇಳುವುದರಿಂದ ನಷ್ಟವಿಲ್ಲ.

ಹಂತ 7: ಬಿಲ್, ನೋಂದಣಿ ಮತ್ತು ಕೊನೆಯ ತಪಾಸಣೆ

ಲೋ ಸ್ಪೀಡ್ ಗಾಡಿಗೆ ಆರ್‌ಸಿ ಇರುವುದಿಲ್ಲ, ಆದ್ದರಿಂದ ಅದು ನಿಮ್ಮದೆಂದು ಹೇಳುವ ಏಕೈಕ ಕಾಗದ ಜಿಎಸ್‌ಟಿ ಬಿಲ್. ಅದರಲ್ಲಿ ಚಾಸಿಸ್ ನಂಬರ್, ಮೋಟಾರ್ ನಂಬರ್, ಬ್ಯಾಟರಿ ನಂಬರ್ ಮೂರೂ ಇರಬೇಕು. ಕಳುವಾದರೆ ದೂರು ಕೊಡಲೂ, ಮುಂದೆ ಮಾರಲೂ ಇದೇ ಆಧಾರ. ಕೈಬರಹದ ಚೀಟಿ ಕೊಟ್ಟು ‘ಜಿಎಸ್‌ಟಿ ಉಳಿಸಿಕೊಡ್ತೀವಿ’ ಎಂದರೆ ಬೇಡವೆನ್ನಿ. ಇವಿಗೆ ಇರುವ ತೆರಿಗೆಯೇ 5%, ಉಳಿಯುವುದೇನೂ ದೊಡ್ಡದಲ್ಲ. ಲೋ ಸ್ಪೀಡ್ ಗಾಡಿಗೆ ‘ಕೇಂದ್ರದ ಸಬ್ಸಿಡಿ ಕಳೆದಿದೆ’ ಎಂದು ತೋರಿಸಿದರೂ ಎಚ್ಚರ. 2024ರ ಅಕ್ಟೋಬರಿನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯ ಸಹಾಯಧನವನ್ನು ದ್ವಿಚಕ್ರಗಳಲ್ಲಿ ಇಟ್ಟದ್ದು ನೋಂದಣಿಯಾಗುವವಕ್ಕೆ ಮಾತ್ರ.

ಹೈಸ್ಪೀಡ್ ಆದರೆ ಡೀಲರ್ ಕೊಡಬೇಕಾದದ್ದು ಮಾರಾಟದ ಪ್ರಮಾಣಪತ್ರವಾದ ಫಾರ್ಮ್ 21 ಮತ್ತು ತಯಾರಕರ ಫಾರ್ಮ್ 22. ನೋಂದಣಿ ಅರ್ಜಿ ಫಾರ್ಮ್ 20. ಬ್ಯಾಟರಿ ವಾಹನಗಳಿಗೆ ಆರ್‌ಸಿ ನೀಡುವ ಶುಲ್ಕವನ್ನು 2021ರ ಆಗಸ್ಟಿನಲ್ಲೇ ಕೇಂದ್ರ ಮನ್ನಾ ಮಾಡಿದೆ. ಆದ್ದರಿಂದ ಆನ್-ರೋಡ್ ಬೆಲೆಯಲ್ಲಿ ‘ಆರ್‌ಟಿಒ ಚಾರ್ಜಸ್’ ಎಂದು ದೊಡ್ಡ ಮೊತ್ತ ಕಂಡರೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ಬೆಲೆಪಟ್ಟಿಯಲ್ಲಿ ಸೇರಿದೆಯೇ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೈಸ್ಪೀಡನ್ನು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಬಹುದು. ಲೋ ಸ್ಪೀಡಿಗೆ ಆ ಅನುಕೂಲವಿಲ್ಲ. ಮೂಲ ಬಿಲ್ ಮತ್ತು ಒಪ್ಪಿಗೆ ಪತ್ರದ ಪ್ರತಿ ಎರಡೂ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಎರಡೂ ಇದ್ದರೆ ಕಂಟ್ರೋಲರಿನ ಮುಚ್ಚಳ ತೆಗೆಸಿ ಒಳಗೆ ನೋಡಿ: ಸುತ್ತಲಿನ ವೈರ್‌ಗಳ ನಡುವೆ ಒಂದಕ್ಕೆ ಮಾತ್ರ ಹೊಸ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಹಿಂದಿನ ಮಾಲೀಕರು ಲಾಕ್ ತೆಗೆಸಿದ್ದರೆಂಬ ಅನುಮಾನ ಇಟ್ಟುಕೊಂಡೇ ಜಿಪಿಎಸ್ ಪರೀಕ್ಷೆಗೆ ಹೊರಡಿ.